ಹೈದರಾಬಾದನ್ನು ಭಾರತಕ್ಕೆ ಸೇರಿಸಿ, ಆಮೇಲೆ ಅದನ್ನೇ ಒಡೆಯಲು ಹೊರಟ ಸಿಂದಗಿಯ ಸನ್ಯಾಸಿ

2019ರಲ್ಲಿ ಜಮ್ಮು-ಕಾಶ್ಮೀರದ ರಾಜ್ಯ ಸ್ಥಾನ ತೆಗೆದು ಎರಡು ಕೇಂದ್ರಾಡಳಿತ ಪ್ರದೇಶ ಮಾಡಿದಾಗಿನಿಂದ ಒಂದು ಪ್ರಶ್ನೆ ಸುದ್ದಿಯಲ್ಲಿ ಬಂದು ಹೋಗುತ್ತಲೇ ಇದೆ. ದಿಲ್ಲಿ ನೇರವಾಗಿ ಆಳುವ ಪ್ರದೇಶವೊಂದು ಪೂರ್ಣ ರಾಜ್ಯ ಆಗುವುದು ಯಾವಾಗ? ಯಾರು ಕೇಳಿದರೆ, ಯಾರು ಕೊಟ್ಟರೆ? ಕಲಬುರಗಿ ಕಡೆಯ ನಾವು ಇದನ್ನು ಎಲ್ಲೋ ಹಿಮಾಲಯದ ಬುಡದ ಸುದ್ದಿ ಅನ್ನೋ ಹಾಗೆ ಓದಿ ಮುಂದೆ ಹೋಗುತ್ತೇವೆ. ಅದೇ ನನಗೆ ಸೋಜಿಗ.

ನನ್ನ ಊರು ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ. 1948ರ ಸೆಪ್ಟೆಂಬರ್‌ನಿಂದ 1952ರ ಮಾರ್ಚ್‌ವರೆಗೆ, ಹತ್ತಿರ ಹತ್ತಿರ ಮೂರೂವರೆ ವರ್ಷ, ನಮ್ಮೂರನ್ನು ಆಳಿದವರು ಇಬ್ಬರು. ಮೊದಲು ಒಬ್ಬ ಸೇನಾಧಿಕಾರಿ, ಆಮೇಲೆ ಒಬ್ಬ ಐಸಿಎಸ್ ಅಧಿಕಾರಿ. ಇಬ್ಬರನ್ನೂ ಕಳಿಸಿದ್ದು ದಿಲ್ಲಿ. ಅಫಜಲಪುರ, ಜೇವರ್ಗಿ, ಬೀದರ್, ರಾಯಚೂರು, ಅಷ್ಟೇ ಯಾಕೆ, ಔರಂಗಾಬಾದಿನಿಂದ ವರಂಗಲ್‌ವರೆಗೆ ಎಲ್ಲರ ಕಥೆಯೂ ಇದೇ. 'ಕೇಂದ್ರಾಡಳಿತ ಪ್ರದೇಶ' ಅನ್ನೋ ಹೆಸರು ಸಂವಿಧಾನಕ್ಕೆ ಬಂದಿದ್ದು 1956ರಲ್ಲಿ. ಹೆಸರು ಇರಲಿಲ್ಲ, ಆದರೆ ಆಗ ನಾವು ಇದ್ದದ್ದು ಅದೇ ಸ್ಥಿತಿಯಲ್ಲಿ.

ಆ ಸ್ಥಿತಿಗೆ ನಮ್ಮನ್ನು ತಂದದ್ದರಲ್ಲೂ, ಅದರಿಂದ ಹೊರಗೆ ತಂದದ್ದರಲ್ಲೂ ಒಬ್ಬ ಮನುಷ್ಯನ ಪಾಲು ದೊಡ್ಡದು. ಸ್ವಾಮಿ ರಾಮಾನಂದ ತೀರ್ಥರು. ಮರಾಠವಾಡಾದಲ್ಲಿ ಅವರ ಹೆಸರಿನಲ್ಲಿ ವಿಶ್ವವಿದ್ಯಾಲಯ, ಮೆಡಿಕಲ್ ಕಾಲೇಜು ಇವೆ. ಹೈದರಾಬಾದಿನಲ್ಲಿ ಸ್ಮಾರಕ ಇದೆ. ನಮ್ಮ ಕಡೆ ಸೆಪ್ಟೆಂಬರ್ 17ರ ಭಾಷಣದಲ್ಲಿ ಒಂದು ಸಾಲು. ಹುಟ್ಟಿದ್ದು ಮಾತ್ರ ನಮ್ಮ ಮಗ್ಗುಲಿನ ಸಿಂದಗಿಯಲ್ಲಿ, ಮೊದಲ ಲೋಕಸಭೆಗೆ ಆರಿಸಿ ಹೋದದ್ದು ಗುಲ್ಬರ್ಗಾದಿಂದ.

1903ರ ಅಕ್ಟೋಬರ್ 3ರಂದು ಹುಟ್ಟಿದ ಆ ಹುಡುಗನ ಹೆಸರು ವೆಂಕಟೇಶ, ಮನೆತನ ಖೇಡಗೀಕರ. ಸಿಂದಗಿ ಆಗ ಬ್ರಿಟಿಷರ ಮುಂಬೈ ಪ್ರಾಂತ. ಸ್ವಲ್ಪ ಪೂರ್ವಕ್ಕೆ ಬಂದರೆ ನಿಜಾಮನ ಸೀಮೆ. ಈ ಗಡಿಯ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ. ಸೊಲ್ಲಾಪುರದಲ್ಲಿ ಓದು, ಅಸಹಕಾರ ಚಳವಳಿಯ ಕರೆಗೆ ಓದು ಬಿಟ್ಟದ್ದು, ಆಮೇಲೆ ಪುಣೆಯ ತಿಲಕ್ ವಿದ್ಯಾಪೀಠ. ಲೋಕಮಾನ್ಯ ತಿಲಕರು ತೀರಿಕೊಂಡ 1920ರಲ್ಲೇ, ಹದಿನಾರು ಹದಿನೇಳರ ವಯಸ್ಸಿನಲ್ಲಿ, ಮದುವೆ ಆಗುವುದಿಲ್ಲ, ದೇಶದ ಕೆಲಸವೇ ಬದುಕು ಅಂತ ತೀರ್ಮಾನಿಸಿಬಿಟ್ಟಿದ್ದರು. ಆ ವಯಸ್ಸಿನ ಇಂಥ ತೀರ್ಮಾನಗಳು ಸಾಮಾನ್ಯವಾಗಿ ಆರು ತಿಂಗಳು ಬಾಳುತ್ತವೆ. ಇದು ಐವತ್ತೆರಡು ವರ್ಷ ಬಾಳಿತು.

ಸನ್ಯಾಸಿ ಅಂದ ಕೂಡಲೇ ಮಠ, ಪಾದಪೂಜೆ ಕಣ್ಣಮುಂದೆ ಬರಬಹುದು. ಇವರು ಆ ಪೈಕಿ ಅಲ್ಲ. ಕಾವಿ ಉಡುವ ಮೊದಲು ಕೆಲಸ ಮಾಡಿದ್ದು ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಜೊತೆ, ಕಾರ್ಮಿಕ ಸಂಘಟನೆಯಲ್ಲಿ. ಆರೋಗ್ಯ ಕೆಟ್ಟು ಆ ಕೆಲಸ ಬಿಡಬೇಕಾಯಿತು. ಆಗ ಬಂದು ಸೇರಿದ್ದು ಹಿಪ್ಪರಗಾಕ್ಕೆ, ರಾಷ್ಟ್ರೀಯ ಶಾಲೆಯ ಮಾಸ್ತರನಾಗಿ. ನಮ್ಮ ಹಿಪ್ಪರಗಾ ಅಲ್ಲ. ಇದು ಉಸ್ಮಾನಾಬಾದ್ ಜಿಲ್ಲೆಯದು. ನಮ್ಮ ಸೀಮೆಯಲ್ಲಿ ಹಿಪ್ಪರಗಾ, ಹಿಪ್ಪರಗಿಗಳಿಗೆ ಬರ ಇಲ್ಲ, ಹೀಗಾಗಿ ನಮ್ಮೂರವರು ಈ ಹೆಸರು ಕೇಳಿ ಸುಮ್ಮನೆ ಹಿಗ್ಗುವುದು ಬೇಡ. ಅಲ್ಲಿದ್ದಾಗಲೇ 1930ರ ದಶಕದ ಆರಂಭದಲ್ಲಿ ಸನ್ಯಾಸ ತಗೊಂಡು ರಾಮಾನಂದ ತೀರ್ಥ ಆದರು. ಆಮೇಲೆ ಮೋಮಿನಾಬಾದ್, ಅಂದರೆ ಈಗಿನ ಅಂಬಾಜೋಗಾಯಿ. ಅಲ್ಲೂ ಶಾಲೆಯೇ. ಸನ್ಯಾಸ ತಗೊಂಡದ್ದರಿಂದ ಆದ ದೊಡ್ಡ ಲಾಭ ಅಂದರೆ, ಮನೆ ಮಠ ಆಸ್ತಿ ಯಾವುದೂ ಇಲ್ಲದ ಮನುಷ್ಯನಿಗೆ ಸರ್ಕಾರ ಏನನ್ನು ಜಪ್ತಿ ಮಾಡಬೇಕು ಅನ್ನೋದೇ ಗೊತ್ತಾಗುತ್ತಿರಲಿಲ್ಲ.

ಆಗಿನ ಹೈದರಾಬಾದ್ ಸಂಸ್ಥಾನ ಹೇಗಿತ್ತು ಅನ್ನೋದನ್ನು ಸ್ವಲ್ಪ ಹೇಳಬೇಕು. 16 ಜಿಲ್ಲೆ. ಎಂಟು ತೆಲುಗು, ಐದು ಮರಾಠಿ, ಮೂರು ಕನ್ನಡ. ಕನ್ನಡದವು ಗುಲ್ಬರ್ಗಾ, ರಾಯಚೂರು, ಬೀದರ್. ಆಡಳಿತ, ಕೋರ್ಟು, ಮೇಲಿನ ಓದು ಎಲ್ಲ ಉರ್ದುವಿನಲ್ಲಿ. ನೋಟು-ನಾಣ್ಯವೂ ಬೇರೆ. ನಿಜಾಮನ ಹಾಲಿ ಸಿಕ್ಕಾ ಏಳು ರೂಪಾಯಿ ಕೊಟ್ಟರೆ ಬ್ರಿಟಿಷರ ಕಲ್ದಾರ್ ಆರು ರೂಪಾಯಿ. ಗಡಿಯಲ್ಲಿ ಸುಂಕ ವಸೂಲಿಗೆ ಕರೋಡಗಿರಿ ನಾಕಾ. ಸಭೆ ಮಾಡಬೇಕು ಅಂದರೆ ಪರವಾನಗಿ ಬೇಕು. ಉರ್ದು ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಮಾತಿನಲ್ಲಿ ಅರ್ಧ ಅದೇ ಇದೆ, ಅದು ನಮ್ಮದೂ ಹೌದು. ಆದರೆ ಹೊಲದ ಕಾಗದವನ್ನು ಓದಿಸಿಕೊಳ್ಳಲು ಇನ್ನೊಬ್ಬನ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕಾದ ರೈತನಿಗೆ ಆಡಳಿತ ಅನ್ನೋದು ಯಾವಾಗಲೂ ಪರರದೇ.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟರು. ಪಕ್ಷ ಹುಟ್ಟುವ ಮೊದಲೇ ನಿಷೇಧ ಬಂತು. ಹುಟ್ಟದ ಕೂಸಿಗೆ ಕಟ್ಟಳೆ. ಅಕ್ಟೋಬರ್‌ನಲ್ಲಿ ಸತ್ಯಾಗ್ರಹ ಶುರುವಾಯಿತು, ಮೊದಲ ವಾರದಲ್ಲೇ ಸ್ವಾಮೀಜಿ ಜೈಲಿಗೆ ಹೋದರು. ಅದೇ ಹೊತ್ತಿಗೆ ಆರ್ಯ ಸಮಾಜ ಮತ್ತು ಹಿಂದೂ ಮಹಾಸಭಾದವರೂ ತಮ್ಮದೇ ಸತ್ಯಾಗ್ರಹ ನಡೆಸುತ್ತಿದ್ದರು. ಎರಡೂ ಬೆರೆತರೆ ನಾಗರಿಕ ಹಕ್ಕಿನ ಹೋರಾಟಕ್ಕೆ ಕೋಮಿನ ಬಣ್ಣ ಬರುತ್ತದೆ ಅಂತ ಗಾಂಧೀಜಿಗೆ ಚಿಂತೆ. ಅವರ ಸಲಹೆಯಂತೆ ಡಿಸೆಂಬರ್ ಕೊನೆಗೆ ಸ್ಟೇಟ್ ಕಾಂಗ್ರೆಸ್ ತನ್ನ ಸತ್ಯಾಗ್ರಹ ನಿಲ್ಲಿಸಿತು. 1940ರಲ್ಲಿ ಮತ್ತೆ ಜೈಲು. 1942ರಲ್ಲಿ ಕ್ವಿಟ್ ಇಂಡಿಯಾ ಕಾಲಕ್ಕೆ ಮತ್ತೆ. ನಿಷೇಧ ತೆರವಾದದ್ದು 1946ರಲ್ಲಿ. ನಡುವಿನ ಎಂಟು ವರ್ಷ ಚಳವಳಿ ಬದುಕಿದ್ದು ಮೂರು ಭಾಷೆಯ ಪರಿಷತ್ತುಗಳ ನೆರಳಲ್ಲಿ: ಆಂಧ್ರ ಮಹಾಸಭಾ, ಮಹಾರಾಷ್ಟ್ರ ಪರಿಷತ್, ಕರ್ನಾಟಕ ಪರಿಷತ್.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ಭಾಷೆಯ ಮೇಲೆ ರಾಜ್ಯ ಅನ್ನೋ ವಿಚಾರ ಹೈದರಾಬಾದಿನಲ್ಲಿ 1953ರಲ್ಲಿ ಯಾವುದೋ ಆಯೋಗ ಬಂದಾಗ ಹುಟ್ಟಿದ್ದಲ್ಲ. ಪಕ್ಷಕ್ಕೆ ನಿಷೇಧ ಇದ್ದಾಗ ಜನ ಒಂದು ಕಡೆ ಸೇರಲು ಸಾಧ್ಯವಾದದ್ದೇ ತಮ್ಮ ತಮ್ಮ ಭಾಷೆಯಲ್ಲಿ. ನಿಜಾಮನ ನಿಷೇಧವೇ ನಿಜಾಮನ ರಾಜ್ಯ ಮೂರು ತುಂಡಾಗುವ ಗೆರೆಗಳನ್ನು ಎಳೆದುಕೊಟ್ಟಿತ್ತು. ಸ್ವಾಮೀಜಿ ಇದನ್ನು ಬಹಳ ಬೇಗ ಕಂಡುಕೊಂಡವರು.

1947ರ ಜೂನ್‌ನಲ್ಲಿ ನಿಜಾಮ ಭಾರತಕ್ಕೂ ಸೇರಲ್ಲ, ಪಾಕಿಸ್ತಾನಕ್ಕೂ ಸೇರಲ್ಲ, ಸ್ವತಂತ್ರ ಅಂದ. ಸ್ಟೇಟ್ ಕಾಂಗ್ರೆಸ್‌ನ ಅಧ್ಯಕ್ಷರಾಗಿದ್ದ ಸ್ವಾಮೀಜಿ ಆಗಸ್ಟ್ 7ಕ್ಕೆ ಭಾರತ ಸೇರುವ ದಿನ ಆಚರಿಸಲು ಕರೆ ಕೊಟ್ಟರು. ಆಗಸ್ಟ್ 15ರಂದು ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಧ್ವಜ ಹಾರಿಸುವ ಹೊತ್ತಿಗೆ ಬಂಧನ. ದಿಲ್ಲಿ ಸ್ವಾತಂತ್ರ್ಯದ ಸಂಭ್ರಮದಲ್ಲಿದ್ದ ಹೊತ್ತಿನಲ್ಲಿ ನಮ್ಮ ನಾಯಕ ಲಾಕಪ್ಪಿನ ಕಡೆ. ನವೆಂಬರ್ 29ಕ್ಕೆ ನಿಜಾಮ ಮತ್ತು ಭಾರತ ಸರ್ಕಾರದ ನಡುವೆ ಯಥಾಸ್ಥಿತಿ ಒಪ್ಪಂದ ಆಯಿತು, ಬಿಡುಗಡೆಯೂ ಆಯಿತು. 1948ರ ಜನವರಿಯಲ್ಲಿ ಮತ್ತೆ ಒಳಗೆ. ಈ ಸಲ ಹೊರಗೆ ಬಂದದ್ದು ಸೇನೆ ಬಂದ ಮೇಲೆಯೇ.

ನಡುವಿನ ಕಾಲದಲ್ಲಿ ಗಡಿ ಕುದಿಯುತ್ತಿತ್ತು. ಸಿಂದಗಿಯ ಗಡಿ ನೆನಪಿಡಿ ಅಂದಿದ್ದೆನಲ್ಲ, ಈಗ ಆ ಮಾತಿಗೆ ಬರೋಣ. ಗಡಿಯ ಆಚೆ ಮುಂಬೈ ಪ್ರಾಂತದಲ್ಲಿ, ಮುಂಡರಗಿ, ಗಜೇಂದ್ರಗಡದಿಂದ ಹಿಡಿದು ವಿಜಾಪುರ, ಸೊಲ್ಲಾಪುರ ಜಿಲ್ಲೆಗಳ ಅಂಚಿನವರೆಗೆ ಕಾಂಗ್ರೆಸ್ ಶಿಬಿರಗಳು. ಅಲ್ಲಿಂದ ಹುಡುಗರು ರಾತ್ರಿ ಗಡಿ ದಾಟಿ ಬಂದು ಕರೋಡಗಿರಿ ನಾಕಾ ಸುಡುತ್ತಿದ್ದರು, ಅಬಕಾರಿ ಉತ್ಪನ್ನ ನಿಲ್ಲಲಿ ಅಂತ ಈಚಲು ಮರ ಕಡಿಯುತ್ತಿದ್ದರು, ಪೊಲೀಸ್ ಠಾಣೆ ಲೂಟಿ ಮಾಡುತ್ತಿದ್ದರು. ಈಚೆ ಕಡೆ ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು. ಬೀದರ್ ಜಿಲ್ಲೆಯ ಗೋರಟಾದಲ್ಲಿ ಆದದ್ದು ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ರಜಾಕಾರರನ್ನು ವಿರೋಧಿಸಿ ಬರೆದ ಪತ್ರಕರ್ತ ಶೋಯಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಂದರು.

ಸೆಪ್ಟೆಂಬರ್ 13ಕ್ಕೆ ಸೇನೆ ಬಂತು. ಮುಖ್ಯ ಪಡೆ ಸೊಲ್ಲಾಪುರದಿಂದ ನಳದುರ್ಗ, ಹುಮನಾಬಾದ್ ಹಾದಿ ಹಿಡಿದು ಹೈದರಾಬಾದಿನ ಕಡೆ ನಡೆಯಿತು, ಅಂದರೆ ಆಳಂದದ ನೆತ್ತಿಯ ಮೇಲೆ. 17ಕ್ಕೆ ನಿಜಾಮ ಶರಣು. ಐದೇ ದಿನ.

ಸ್ವಾಮೀಜಿಯ ಬದುಕನ್ನು ಹೇಳುವವರು ಇಲ್ಲಿ ಒಂದು ಜಯಘೋಷ ಹಾಕಿ ನೇರ ಚುನಾವಣೆಗೆ ಹಾರುತ್ತಾರೆ. ಮುಂದಿನ ತಿಂಗಳುಗಳನ್ನು ದಾಟಿಬಿಡುತ್ತಾರೆ. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಗೆ ಸಂಸ್ಥಾನ ಸುತ್ತಿ, ಸೇನಾ ಕಾರ್ಯಾಚರಣೆ ಮತ್ತು ಅದರ ನಂತರದ ದಿನಗಳಲ್ಲಿ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಅಂತ ಅಂದಾಜಿಸಿತು. ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ವರದಿ ದಶಕಗಳ ಕಾಲ ಕಡತದಲ್ಲೇ ಉಳಿಯಿತು. ನಮ್ಮೂರ ಕಡೆ ಮುತ್ಯಾಗಳು ರಜಾಕಾರರ ಕಥೆ ಎಷ್ಟು ಬೇಕಾದರೂ ಹೇಳುತ್ತಿದ್ದರು. ಅದರ ನಂತರದ ಕಥೆ ಬಂದಾಗ ದನಿ ತಗ್ಗುತ್ತಿತ್ತು. ಕೇಂದ್ರದ ನೇರ ಆಡಳಿತ ಶುರುವಾದದ್ದು ಈ ನೆಲದ ಮೇಲೆ. ಇಂಥ ಹೊತ್ತಿನಲ್ಲಿ ಚುನಾಯಿತ ಸರ್ಕಾರ ತಕ್ಷಣ ಸಾಧ್ಯವಿತ್ತಾ? ನನಗೆ ಅನುಮಾನ ಇದೆ. ಆದರೆ ಜನ ಪ್ರಶ್ನೆ ಕೇಳಲು ಒಂದು ಶಾಸನಸಭೆಯೇ ಇಲ್ಲದ ಕಾಲದಲ್ಲಿ ಇದೆಲ್ಲ ಆಯಿತು, ಅದಕ್ಕೇ ಕಡತ ಮುಚ್ಚುವುದೂ ಸುಲಭ ಆಯಿತು.

ಮಿಲಿಟರಿ ಗವರ್ನರ್ ಆಗಿ ಬಂದವರು ಮೇಜರ್ ಜನರಲ್ ಜೆ.ಎನ್. ಚೌಧುರಿ. ಅವರ ಆಡಳಿತದ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ನಿಜಾಮನ ಖಾಸಗಿ ಸರ್ಫೆಖಾಸ್ ಜಮೀನು ಸರ್ಕಾರಕ್ಕೆ ಸೇರಿದ್ದು, ಜಹಗೀರುಗಳು ರದ್ದಾದದ್ದು ಎರಡೂ 1949ರಲ್ಲಿ, ಈ ಸೇನಾಡಳಿತದಲ್ಲೇ. ಚುನಾಯಿತ ಸಭೆ ಇದ್ದಿದ್ದರೆ ಜಹಗೀರದಾರರು ಒಳಗೇ ಕೂತು ಎಷ್ಟು ವರ್ಷ ಎಳೆಯುತ್ತಿದ್ದರೋ. ದಿಲ್ಲಿಯ ನೇರ ಆಡಳಿತ ಅಂದರೆ ಬರೀ ಕೆಟ್ಟದ್ದು ಅನ್ನೋ ಸರಳ ಲೆಕ್ಕ ಇಲ್ಲಿ ನಡೆಯಲ್ಲ.

1949ರ ಕೊನೆಗೆ ಸೇನೆ ಹಿಂದೆ ಸರಿದು ಐಸಿಎಸ್ ಅಧಿಕಾರಿ ಎಂ.ಕೆ. ವೆಲ್ಲೋಡಿ ಬಂದರು. 1950ರ ಜನವರಿ 26ರಿಂದ ಅವರು ಮುಖ್ಯಮಂತ್ರಿ. ಯಾರೂ ಓಟು ಹಾಕದ ಮುಖ್ಯಮಂತ್ರಿ! ಅದೇ ದಿನ ನಿಜಾಮ ರಾಜಪ್ರಮುಖ ಆದ. ಯಾರ ವಿರುದ್ಧ ಹತ್ತು ವರ್ಷ ಜೈಲು ತಿರುಗಿದರೋ ಆತನೇ ಈಗ ಸಂವಿಧಾನದ ಪ್ರಕಾರ ರಾಜ್ಯದ ಮುಖ್ಯಸ್ಥ. ಸ್ವಾಮೀಜಿಗೆ ಅದನ್ನು ನುಂಗಿಕೊಳ್ಳುವುದು ಎಷ್ಟು ಕಷ್ಟ ಆಗಿರಬೇಕು ಅಂತ ನಾನು ಹಲವು ಸಲ ಯೋಚಿಸಿದ್ದೇನೆ.

ಇಂಜಿನಿಯರಿಂಗ್ ಓದಿದ ತಲೆಗೆ ಏನನ್ನು ಕಂಡರೂ ಫ್ಲೋಚಾರ್ಟ್ ಹಾಕಿ ನೋಡುವ ಚಟ. ಹೈದರಾಬಾದಿಗೆ ಹಾಕಿದರೆ ಹೀಗೆ ಬರುತ್ತದೆ: ಸಂಸ್ಥಾನ, ಸೇನಾಡಳಿತ, ಅಧಿಕಾರಿಯ ಆಡಳಿತ, 'ಬಿ' ಭಾಗದ ರಾಜ್ಯ, ಚುನಾಯಿತ ಸರ್ಕಾರ. ನೋಡಲು ಚೆನ್ನಾಗಿದೆ. ಆದರೆ ಪ್ರತಿ ಬಾಣವೂ ಮೇಲಿನಿಂದ ಕೆಳಕ್ಕೆ. ಭಾರತದ ಸಂವಿಧಾನ ಸಭೆಯಲ್ಲಿ ಹೈದರಾಬಾದಿನ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ನಮಗಾಗಿ ಸಂವಿಧಾನವನ್ನು ಒಪ್ಪಿದ್ದು ನಿಜಾಮ, 1949ರ ನವೆಂಬರ್‌ನ ಒಂದು ಫರ್ಮಾನಿನಿಂದ. ಪ್ರಜೆಗಳಿಗೆ ಪ್ರಜಾಪ್ರಭುತ್ವವನ್ನು ರಾಜನೇ ಫರ್ಮಾನು ಹೊರಡಿಸಿ ಕೊಟ್ಟ ವಿಚಿತ್ರ ಅದು.

ಆ ಸಂವಿಧಾನದಲ್ಲಿ ನಮ್ಮಂಥವರಿಗಾಗಿ ಇದ್ದ ಕಲಮಿನ ಸಂಖ್ಯೆ 371. ಹೌದು, ಅದೇ 371. ಇವತ್ತು ಕಲ್ಯಾಣ ಕರ್ನಾಟಕದ ಪ್ರತಿ ಮನೆಗೂ ಗೊತ್ತಿರುವ 371(ಜೆ) ಕೂತಿರುವುದು ಆ ಸಂಖ್ಯೆಯ ಸಾಲಿನಲ್ಲೇ. ಮೂಲ 371 ಹೇಳುತ್ತಿದ್ದದ್ದು ಬೇರೆ. ಹಳೆಯ ಸಂಸ್ಥಾನಗಳಿಂದ ಆದ 'ಬಿ' ಭಾಗದ ರಾಜ್ಯಗಳ ಸರ್ಕಾರಗಳು ಹತ್ತು ವರ್ಷ ರಾಷ್ಟ್ರಪತಿಯ, ಅಂದರೆ ಕೇಂದ್ರದ, ಸಾಮಾನ್ಯ ಹತೋಟಿಯಲ್ಲಿ ಇರಬೇಕು, ಕೊಟ್ಟ ನಿರ್ದೇಶನ ಪಾಲಿಸಬೇಕು. ಚುನಾಯಿತ ಸರ್ಕಾರ ಬಂದರೂ ಲಗಾಮು ದಿಲ್ಲಿಯ ಕೈಯಲ್ಲೇ. ಮುಂಬೈ, ಮದ್ರಾಸ್ ಥರದ 'ಎ' ಭಾಗದ ರಾಜ್ಯಗಳಿಗೆ ಈ ಲಗಾಮು ಇರಲಿಲ್ಲ. ಪಕ್ಕದ ಕೊಡಗು 'ಸಿ' ಭಾಗದಲ್ಲಿತ್ತು, ಚೀಫ್ ಕಮಿಷನರ್ ಅಡಿ. ಅಲ್ಲಿ 1952ರಲ್ಲಿ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ ಆದರು. ಹೀಗೆ ಒಂದೇ ದೇಶದಲ್ಲಿ ಮೂರು ದರ್ಜೆಯ ರಾಜ್ಯಗಳು.

ಈ ಮೂರೂವರೆ ವರ್ಷ ಸ್ವಾಮೀಜಿಯ ಪಾಲಿಗೆ ಒಳ್ಳೆಯ ಕಾಲ ಆಗಿರಲಿಲ್ಲ. ಪಕ್ಷದಲ್ಲಿ ಎರಡು ಬಣ. ಒಂದು ಇವರದು, ಸ್ವಲ್ಪ ಎಡಕ್ಕೆ ವಾಲಿದ್ದು, ಭೂಸುಧಾರಣೆ ಬೇಗ ಆಗಲಿ ಅನ್ನುವಂಥದ್ದು. ಇನ್ನೊಂದು ವಕೀಲ ಬೂರ್ಗುಲ ರಾಮಕೃಷ್ಣರಾಯರದು, ಸಾವಕಾಶದ ಜನ. ಈ ಜಗಳವೂ ದಿಲ್ಲಿಗೆ ಅನುಕೂಲವೇ ಆಯಿತು. ನಿಮ್ಮಲ್ಲೇ ಒಗ್ಗಟ್ಟಿಲ್ಲದಾಗ ಅಧಿಕಾರ ಯಾರಿಗೆ ಕೊಡುವುದು ಅನ್ನೋ ಪ್ರಶ್ನೆಗೆ ಇವರ ಬಳಿ ಉತ್ತರ ಇರಲಿಲ್ಲ. ತೆಲಂಗಾಣದಲ್ಲಿ ಕಮ್ಯುನಿಸ್ಟರ ಸಶಸ್ತ್ರ ಹೋರಾಟ 1951ರವರೆಗೂ ನಡೆಯಿತು. ಅದೂ ನೇರ ಆಡಳಿತ ಮುಂದುವರಿಸಲು ಒಂದು ಕಾರಣ. 1950ರಲ್ಲಿ ವೆಲ್ಲೋಡಿ ಸಂಪುಟಕ್ಕೆ ಕೆಲವು ಕಾಂಗ್ರೆಸಿಗರನ್ನು ಸೇರಿಸಿಕೊಂಡಾಗ ಬೂರ್ಗುಲ ಒಳಗೆ ಹೋದರು. ಸ್ವಾಮೀಜಿ ಹೊರಗೇ ಉಳಿದರು.

ಈ ಅವಧಿಯಲ್ಲಿ ಮದ್ರಾಸ್, ಮುಂಬೈ ಕಡೆಯಿಂದ ಬಂದ ಅಧಿಕಾರಿಗಳು, ಗುಮಾಸ್ತರು, ಮಾಸ್ತರರು ಹೈದರಾಬಾದಿನ ಕಚೇರಿಗಳನ್ನು ತುಂಬಿಕೊಂಡರು. ಉರ್ದು ಹೋಗಿ ಇಂಗ್ಲಿಷ್ ಬಂತು. ಉರ್ದು ಕಲಿತು ನೌಕರಿ ಹಿಡಿದಿದ್ದ ಸ್ಥಳೀಯ ಹಿಂದೂ ಗುಮಾಸ್ತನಿಗೂ ನೆಲ ಕುಸಿಯಿತು, ಮುಸ್ಲಿಂ ಗುಮಾಸ್ತನಿಗಂತೂ ಕೇಳುವುದೇ ಬೇಡ. 1952ರಲ್ಲಿ ಚುನಾಯಿತ ಸರ್ಕಾರ ಬಂದ ಆರೇ ತಿಂಗಳಿಗೆ ಹೈದರಾಬಾದಿನಲ್ಲಿ ಮುಲ್ಕಿ ಚಳವಳಿ ಸಿಡಿಯಿತು. ಸ್ಥಳೀಯರ ನೌಕರಿ ಸ್ಥಳೀಯರಿಗೆ ಅನ್ನೋ ಕೂಗು. ಗೋಲಿಬಾರ್ ಆಗಿ ವಿದ್ಯಾರ್ಥಿಗಳು ಸತ್ತರು. ಅಧಿಕಾರಿಗಳ ಆಡಳಿತ ಬಿತ್ತಿದ್ದನ್ನು ಚುನಾಯಿತ ಸರ್ಕಾರ ಕೊಯ್ಯಿತು.

175 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 93 ಬಂದಿತ್ತು. 1952ರ ಮಾರ್ಚ್‌ನಲ್ಲಿ ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿ ಆದರು. ಹೋರಾಟದ ಮುಂದಾಳು ಸ್ವಾಮೀಜಿ, ಕುರ್ಚಿ ಬೂರ್ಗುಲರಿಗೆ. ಸ್ವಾಮೀಜಿ ಗುಲ್ಬರ್ಗಾದಿಂದ ಲೋಕಸಭೆಗೆ ಹೋದರು. ಇಲ್ಲಿಗೆ ಅವರ ಕೆಲಸ ಮುಗಿಯಿತು ಅಂತ ಯಾರಾದರೂ ಅಂದುಕೊಂಡಿದ್ದರೆ ತಪ್ಪಲ್ಲ. ಸಂಸ್ಥಾನ ಭಾರತಕ್ಕೆ ಸೇರಿತು, ಜನರ ಸರ್ಕಾರ ಬಂತು, ಇನ್ನೇನು ಬೇಕು?

ಇಲ್ಲಿಯೇ ಅವರು ನನಗೆ ದೊಡ್ಡವರಾಗಿ ಕಾಣುವುದು. ಚುನಾವಣೆ ನಡೆದ ಮಾತ್ರಕ್ಕೆ ರಾಜ್ಯ ಪೂರ್ಣ ಆಗಲಿಲ್ಲ ಅನ್ನೋದು ಅವರ ನಿಲುವು. ನಿಜಾಮರ ಪೂರ್ವಜರು ಯುದ್ಧ, ಒಪ್ಪಂದಗಳಲ್ಲಿ ಗಳಿಸಿ ಕಳೆದು ಉಳಿಸಿಕೊಂಡ ನೆಲದ ಗಡಿಗೆ ಜನರ ಕಡೆಯಿಂದ ಏನೂ ಅರ್ಥ ಇಲ್ಲ. ಆ ಗಡಿಯೊಳಗೆ ಎಷ್ಟು ಚುನಾವಣೆ ಮಾಡಿದರೂ ವಿಧಾನಸಭೆಯಲ್ಲಿ ತೆಲುಗಿನವನ ಮಾತು ಕನ್ನಡದವನಿಗೆ ತಿಳಿಯದು, ಆಡಳಿತ ಮತ್ತೆ ಇಂಗ್ಲಿಷೋ ಉರ್ದುವೋ ಆಗುತ್ತದೆ, ರಾಜಪ್ರಮುಖನ ಅರಮನೆ ಹಾಗೇ ಉಳಿಯುತ್ತದೆ. ಆದ್ದರಿಂದ ಹೈದರಾಬಾದನ್ನು ಒಡೆಯಬೇಕು. ತೆಲುಗು ಭಾಗ ಆಂಧ್ರದ ಕಡೆ, ಮರಾಠಿ ಮಹಾರಾಷ್ಟ್ರದ ಕಡೆ, ಕನ್ನಡ ಕರ್ನಾಟಕದ ಕಡೆ. ಯಾವ ರಾಜ್ಯವನ್ನು ಭಾರತಕ್ಕೆ ಸೇರಿಸಲು ಜೈಲಿನಲ್ಲಿ ವರ್ಷಗಟ್ಟಲೆ ಕಳೆದರೋ, ಆ ರಾಜ್ಯವೇ ಇರಬಾರದು ಅಂತ ಹೊರಟರು.

ಎದುರಿಗೆ ಇದ್ದದ್ದು ನೆಹರೂ. ಅವರಿಗೆ ಹೈದರಾಬಾದ್ ಅಂದರೆ ಉತ್ತರ-ದಕ್ಷಿಣ ಸೇರುವ, ಹಲವು ಭಾಷೆ-ಧರ್ಮ ಒಟ್ಟಿಗೆ ಬಾಳುವ ಒಂದು ಮಾದರಿ. ಒಡೆಯುವುದಕ್ಕೆ ಅವರಿಗೆ ಮನಸ್ಸೇ ಇರಲಿಲ್ಲ. ಇವತ್ತಿನ ಭಾಷಾ ಜಗಳ ನೋಡಿದಾಗ ನೆಹರೂ ಮಾತಿನಲ್ಲೂ ತೂಕ ಇತ್ತು ಅನ್ನಿಸುವುದು ಸುಳ್ಳಲ್ಲ. ಆದರೆ ಆ ಬಹುಭಾಷೆಯ ಸೊಗಸು ಹೈದರಾಬಾದ್ ನಗರದ್ದು. ಮಾದನಹಿಪ್ಪರಗಾದ ಹೊಲಗಾರನಿಗೆ ಅದರಿಂದ ಸಿಕ್ಕಿದ್ದು ಓದಲಾಗದ ಕಾಗದ ಮಾತ್ರ. ಈ ವಾದದಲ್ಲಿ ನಾನು ಸ್ವಾಮೀಜಿಯ ಕಡೆ.

1952ರ ಡಿಸೆಂಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡ ಮೇಲೆ ದಿಲ್ಲಿಯ ಪಟ್ಟು ಸಡಿಲವಾಯಿತು. 1953ರ ಅಕ್ಟೋಬರ್‌ನಲ್ಲಿ ಆಂಧ್ರ, ಡಿಸೆಂಬರ್‌ನಲ್ಲಿ ಫಜಲ್ ಅಲಿ ಆಯೋಗ. 1955ರ ಸೆಪ್ಟೆಂಬರ್ ಕೊನೆಗೆ ಬಂದ ವರದಿ ಎರಡು ದೊಡ್ಡ ಮಾತು ಹೇಳಿತು. ಎ, ಬಿ, ಸಿ ಅನ್ನೋ ದರ್ಜೆ ಸಾಕು, ಇನ್ನು ರಾಜ್ಯ ಮತ್ತು ಕೇಂದ್ರದ ಪ್ರದೇಶ ಅಂತ ಎರಡೇ ಇರಲಿ. ಇನ್ನೊಂದು, ಗುಲ್ಬರ್ಗಾ, ರಾಯಚೂರು ಕರ್ನಾಟಕಕ್ಕೆ, ಮರಾಠವಾಡಾ ಮುಂಬೈಗೆ ಹೋಗಲಿ. ಆದರೆ ತೆಲಂಗಾಣ ಸದ್ಯಕ್ಕೆ ಬೇರೆ ರಾಜ್ಯವಾಗಿ ಉಳಿಯಲಿ, ಬೀದರ್ ಅದರ ಜೊತೆ. ಬೀದರ್ ನಮ್ಮ ಕೈಬಿಟ್ಟೇ ಹೋಗುತ್ತಿತ್ತು! ಆಮೇಲೆ ಅದು ಬದಲಾಯಿತು. ಸ್ವಾಮೀಜಿ ಬಯಸಿದಂತೆ ಪೂರ್ತಿ ವಿಭಜನೆ ಆಯಿತು.

1956ರ ನವೆಂಬರ್ 1. ಹೈದರಾಬಾದ್ ರಾಜ್ಯ ಇಲ್ಲವಾಯಿತು. ನಿಜಾಮ ರಾಜಪ್ರಮುಖ ಅಲ್ಲವಾದ. 'ಬಿ' ಭಾಗ ಇಲ್ಲ, ಹಳೆಯ 371 ಇಲ್ಲ. ಕೊಡಗೂ ಅದೇ ದಿನ ರಾಜ್ಯ ಹೋಗಿ ಜಿಲ್ಲೆ ಆಯಿತು. ಹೈದರಾಬಾದಿನ ಜನ ಪೂರ್ಣ ರಾಜ್ಯದ ಪ್ರಜೆಗಳಾಗಬೇಕಾದರೆ ಹೈದರಾಬಾದ್ ರಾಜ್ಯವೇ ಸಾಯಬೇಕಾಯಿತು. ಗೋವಾ, ಹಿಮಾಚಲ, ಮಣಿಪುರ ಎಲ್ಲ ತಮ್ಮ ಹೆಸರಿನಲ್ಲೇ ಪೂರ್ಣ ರಾಜ್ಯ ಆದವು. ಗೋವಾದ ಕಥೆಯೂ ನಮ್ಮದರ ಹಾಗೇ ಶುರುವಾದದ್ದು: 1961ರಲ್ಲಿ ಸೇನೆ, ಮಿಲಿಟರಿ ಗವರ್ನರ್, ಆಮೇಲೆ ಚುನಾವಣೆ. ಆದರೆ 1967ರ ಜನಮತ ಗಣನೆಯಲ್ಲಿ ಅವರು ಮಹಾರಾಷ್ಟ್ರಕ್ಕೆ ಸೇರಲ್ಲ ಅಂದರು, 1987ರವರೆಗೆ ಕಾದು ರಾಜ್ಯ ಆದರು. ನಮ್ಮನ್ನು ಯಾರೂ ಅಂಥ ಓಟು ಕೇಳಲಿಲ್ಲ. ಕೇಳಿದ್ದರೆ ಗುಲ್ಬರ್ಗಾ ಕರ್ನಾಟಕ ಅಂತಲೇ ಹೇಳುತ್ತಿತ್ತು, ಅದು ಬೇರೆ ಮಾತು.

ಒಡೆಯುವಾಗ ಗೆರೆ ನೇರ ಬೀಳಲಿಲ್ಲ. ಗುಲ್ಬರ್ಗಾದ ಕೊಡಂಗಲ್, ತಾಂಡೂರು, ರಾಯಚೂರಿನ ಗದ್ವಾಲ್, ಆಲಂಪುರ ಆಂಧ್ರಕ್ಕೆ ಹೋದವು. ಬೀದರ್ ಜಿಲ್ಲೆಯ ಉದಗೀರ್, ನಿಲಂಗಾ, ಅಹಮದಪುರ ಮುಂಬೈ ಕಡೆಗೆ. ನಮ್ಮ ಪಕ್ಕದ ಅಕ್ಕಲಕೋಟ ಮುಂಬೈನಲ್ಲೇ ಉಳಿಯಿತು. 1967ರಲ್ಲಿ ಮಹಾಜನ್ ಆಯೋಗ ಅದನ್ನು ಕರ್ನಾಟಕಕ್ಕೆ ಕೊಡಿ ಅಂದರೂ ಅದು ಅಲ್ಲೇ ಇದೆ. ಮಾದನಹಿಪ್ಪರಗಾ ಹೋಬಳಿಯವರು ಅಲ್ಲಿಗೆ ಹೆಣ್ಣು ಕೊಡುತ್ತಾರೆ, ಅಲ್ಲಿಂದ ತರುತ್ತಾರೆ. ಬೀಗರ ಊರಿಗೆ ಹೋಗುವಾಗ ಬೋರ್ಡಿನ ಭಾಷೆ ಬದಲಾಗುತ್ತದೆ, ಅಷ್ಟೇ.

ಸ್ವಾಮೀಜಿಯ ಲೆಕ್ಕದಲ್ಲಿ ಒಂದು ವಿಷಯ ಬರಲಿಲ್ಲ ಅಂತ ನನಗೆ ಅನಿಸುತ್ತದೆ. ಭಾಷೆ ಒಂದಾದರೆ ಸರ್ಕಾರ ಹತ್ತಿರ ಬರುತ್ತದೆ ಅಂತ ಅವರ ನಂಬಿಕೆ. ಮಾತು ಹತ್ತಿರ ಬಂತು, ಊರು ಬರಲಿಲ್ಲ. ಹೈದರಾಬಾದಿನ ಅಂಚಿನಲ್ಲಿದ್ದವರು ಬೆಂಗಳೂರಿನ ಅಂಚಿಗೆ ಬಂದೆವು, ಅದೂ ಇನ್ನೂ ದೂರದ ಅಂಚು. ಹೈದರಾಬಾದಿಗೆ ಸಂಜೆಯೊಳಗೆ ಹೋಗಬಹುದು, ಬೆಂಗಳೂರಿಗೆ ಇಡೀ ರಾತ್ರಿ ಬಸ್ಸು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿ, 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿ 371(ಜೆ) ಬರುವ ಹೊತ್ತಿಗೆ ನನ್ನ ಇಂಜಿನಿಯರಿಂಗ್ ಮುಗಿದೇ ಹೋಗಿತ್ತು. ನಮ್ಮ ನಂತರದವರಿಗೆ ಸೀಟು, ನೌಕರಿಯಲ್ಲಿ ಮೀಸಲು ಸಿಕ್ಕಿತು. 1952ರ ಮುಲ್ಕಿ ಹುಡುಗರು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ ಅಲ್ವಾ? ಹೈದರಾಬಾದ್ ರಾಜ್ಯದಲ್ಲಿ ಎಂದೂ ಇಲ್ಲದ ಬಳ್ಳಾರಿಯೂ ಈ ಕಲಮಿನೊಳಗೆ ಬಂತು, ಇರಲಿ, ಹಿಂದುಳಿದವರಿಗೆ ಹಿಂದುಳಿದವರು ನೆಂಟರೇ.

ರಾಜ್ಯ ಒಡೆದಾಗ ಸ್ವಾಮೀಜಿಯ ರಾಜಕೀಯವೂ ಒಡೆಯಿತು. 1957ರಲ್ಲಿ ಗುಲ್ಬರ್ಗಾ ಮೈಸೂರು ರಾಜ್ಯದಲ್ಲಿತ್ತು, ಅವರು ನಿಂತು ಗೆದ್ದದ್ದು ಮುಂಬೈ ರಾಜ್ಯದ ಔರಂಗಾಬಾದಿನಿಂದ. ಅವರ ಜೊತೆಗಾರರು ಮೂರು ರಾಜ್ಯಗಳಿಗೆ ಹಂಚಿಹೋದರು. ಅವರನ್ನು ಗುರು ಅಂತ ಭಾವಿಸಿದ ಪಿ.ವಿ. ನರಸಿಂಹರಾವ್ ಆಂಧ್ರದ ಮುಖ್ಯಮಂತ್ರಿ, ಆಮೇಲೆ ಪ್ರಧಾನಿ ಆದರು. 1962ರ ನಂತರ ಸ್ವಾಮೀಜಿ ಸಂಸತ್ತಿನಲ್ಲಿ ಇರಲಿಲ್ಲ. ಖಾದಿ, ಶಿಕ್ಷಣ ಸಂಸ್ಥೆಗಳ ಕೆಲಸ. ಹೋರಾಟದ ನೆನಪುಗಳನ್ನು ಬರೆದ ಪುಸ್ತಕ 1967ರಲ್ಲಿ ಬಂತು. ಮಂತ್ರಿ ಆಗಲಿಲ್ಲ, ರಾಜ್ಯಪಾಲ ಆಗಲಿಲ್ಲ. ಒಡೆದ ಮನೆಯಲ್ಲಿ ಪಾಲು ಕೇಳದ ಮನುಷ್ಯ.

1972ರ ಜನವರಿ 21ರಂದು ಮಣಿಪುರ, ತ್ರಿಪುರ, ಮೇಘಾಲಯ ಪೂರ್ಣ ರಾಜ್ಯಗಳಾದವು. ಮಾರನೆಯ ದಿನ, ಜನವರಿ 22ರಂದು, ರಾಮಾನಂದ ತೀರ್ಥರು ಹೈದರಾಬಾದಿನಲ್ಲಿ ತೀರಿಕೊಂಡರು. ಅವರ ಸ್ಮಾರಕ ಬೇಗಂಪೇಟೆಯಲ್ಲಿದೆ. ಆಗ ಆ ನಗರ ಆಂಧ್ರಪ್ರದೇಶದ ರಾಜಧಾನಿ, ಮುಲ್ಕಿ ಜಗಳ ಅಲ್ಲಿ ಮತ್ತೆ ಹೊಗೆಯಾಡುತ್ತಿತ್ತು. 2014ರ ಜೂನ್ 2ಕ್ಕೆ ತೆಲಂಗಾಣ ಬೇರೆ ರಾಜ್ಯ ಆಯಿತು. ಫಜಲ್ ಅಲಿ ಆಯೋಗ 1955ರಲ್ಲಿ ಹೇಳಿದ್ದ ಆ ರಾಜ್ಯ ಕೊನೆಗೂ ಬಂತು, ಬೀದರ್ ಒಂದನ್ನು ಬಿಟ್ಟು.